ಟಿಪ್ಪಣಿ ಕಾಲಂನ ಪ್ರಶ್ನೆಚಿಹ್ನೆಗಳು

ಬೆಳಿಗ್ಗೆ ಎಂಟೂ ಹತ್ತಕ್ಕೆ ಫೋನು ಬಂದಾಗ ನಾನಿನ್ನೂ ಹೆಗಲಿನ ಬ್ಯಾಗು ಕೆಳಗಿಟ್ಟಿರಲಿಲ್ಲ. ಮಾಡಿದವಳು ಮೇಲಿನ ವಾರ್ಡಿನ ಹೊಸ ಸಿಸ್ಟರ್. ಹನ್ನೊಂದು ಗಂಟೆಗೆ ಆಪರೇಷನ್ ಇರುವ ರೋಗಿಯ ಟಿಪ್ಪಣಿ ಕಾಲಂ ತುಂಬ ಬರೀ ಪ್ರಶ್ನೆಚಿಹ್ನೆಗಳಿವೆ, ಅವರನ್ನು ಏನಾದರೂ ಕೇಳಬೇಕು ಅಂತ ಅರ್ಥವೇ ಎಂದು ವಿಚಾರಿಸಿದಳು. ನನಗೆ ನಗು ಬಂತು. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವಳು ನಾನು. ಹೊಸಬರು ಕೇಳುವ ಪ್ರಶ್ನೆಗಳಿಗೆ ನಗುವುದು ನನ್ನ ಹಕ್ಕು ಎಂದುಕೊಂಡಿದ್ದೆ. ನಗುತ್ತಲೇ ಆ ದಾಖಲೆ ತೆರೆದೆ.

?????? ????? 4 ????, ?????? ????? ?????

ಇಷ್ಟೇ ಇತ್ತು. ಅದರ ಹಿಂದಿನ ದಾಖಲೆ ತೆರೆದೆ, ಅಲ್ಲೂ ಅದೇ. ಮುಂದಿನದು, ಅದರ ಮುಂದಿನದು. ಬ್ಯಾಗು ಹೆಗಲಲ್ಲೇ ಇತ್ತು, ನಿಂತುಕೊಂಡೇ ಲೆಕ್ಕ ಹಾಕಿಸಿದೆ: ಟಿಪ್ಪಣಿ ಇದ್ದ ದಾಖಲೆಗಳು ಸಾವಿರದ ನೂರ ನಲವತ್ತಾರು. ಅಷ್ಟರಲ್ಲೂ ನಮ್ಮ ಭಾಷೆಯ ಒಂದೇ ಒಂದು ಅಕ್ಷರ ಉಳಿದಿರಲಿಲ್ಲ.

ಯಾರ ಕೆಲಸ ಅಂತ ಹುಡುಕುವ ಅಗತ್ಯವೇ ಇರಲಿಲ್ಲ. ಕೆಲಸ ನನ್ನದೇ. ಸೋಮವಾರ ಹಳೆಯ ಯಂತ್ರದಿಂದ ಹೊಸದಕ್ಕೆ ದಾಖಲೆಗಳನ್ನು ಸಾಗಿಸಿದ್ದು ಈ ಮಹಾತಾಯಿ. ಸಾಗಿಸುವಾಗ ಪರದೆಯ ಮೇಲೆ ಒಂದು ಸಂದೇಶ ಬಂದಿತ್ತು: ಕೆಲವು ಅಕ್ಷರಗಳು ಹೊಸ ಕಾಲಂಗೆ ಹೊಂದುವುದಿಲ್ಲ, ಮುಂದುವರಿಯಬೇಕೇ? ಒಂದು ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ಇನ್ನೊಂದರಲ್ಲಿ ಹೂಂ ಎಂದು ಒತ್ತಿದ್ದೆ. ಆಮೇಲೆ ಮೊದಲ ಇಪ್ಪತ್ತು ದಾಖಲೆ ತೆಗೆದು ನೋಡಿದ್ದೆ. ಹೆಸರು, ವಯಸ್ಸು, ರಕ್ತದ ಗುಂಪು, ಔಷಧಿಗಳು ಎಲ್ಲ ಇಂಗ್ಲಿಷಿನಲ್ಲಿ ಮುತ್ತು ಪೋಣಿಸಿದ ಹಾಗಿದ್ದವು. ಟಿಪ್ಪಣಿ ಕಾಲಂ ಬಲಗಡೆ ತೀರಾ ಕೊನೆಯಲ್ಲಿದೆ. ಅಲ್ಲಿಯವರೆಗೆ ಪರದೆ ಸರಿಸಿ ನೋಡಲು ನನಗೆ ಸೋಮಾರಿತನ.

ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಒಂದು ಬೈಟ್ ಎಂದರೆ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗಿನ ಒಂದು ಸಂಖ್ಯೆ ಹಿಡಿಸುವ ಜಾಗ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ನಾಲ್ಕು ಎಂಬ ಅಂಕಿಗೂ ಒಂದು, ಅಲ್ಪವಿರಾಮಕ್ಕೂ ಒಂದು, ಖಾಲಿ ಜಾಗಕ್ಕೂ ಒಂದು. ನಮ್ಮ ಅಕ್ಷರಗಳ ಸಂಖ್ಯೆ ದೊಡ್ಡದು, ಒಂದೊಂದಕ್ಕೆ ಮೂರು ಬೈಟ್ ಬೇಕು; ಗುಣಿತದ ಚಿಹ್ನೆಗಳಿಗೂ ಅಷ್ಟೇ. ಹೊಸ ಯಂತ್ರದ ಟಿಪ್ಪಣಿ ಕಾಲಂ ಮಾಡಿದ ಪುಣ್ಯಾತ್ಮ ಒಂದೊಂದು ಅಕ್ಷರಕ್ಕೆ ಒಂದೊಂದೇ ಬೈಟ್ ಕೊಟ್ಟಿದ್ದ. ಹಿಡಿಸದ ಪ್ರತಿಯೊಂದರ ಜಾಗದಲ್ಲಿ ಯಂತ್ರ ಅರವತ್ತಮೂರು ಎಂದು ಬರೆದುಕೊಂಡಿತು. ಅರವತ್ತಮೂರು ಎಂದರೆ ಪ್ರಶ್ನೆಚಿಹ್ನೆ. ಕ ಆಗಲಿ, ರ ಆಗಲಿ, ಕೊಂಬಾಗಲಿ, ದೀರ್ಘವಾಗಲಿ, ಎಲ್ಲವೂ ಅರವತ್ತಮೂರು. ಹತ್ತು ಬಗೆಯ ಕಾಳನ್ನು ಬೀಸಿ ಹಿಟ್ಟು ಮಾಡಿದ ಮೇಲೆ ಕಾಳು ಬೇರೆ ಮಾಡು ಎಂದರೆ ಯಾರಪ್ಪನಿಂದಲೂ ಆಗುವುದಿಲ್ಲ.

ಹಳೆಯ ಯಂತ್ರ ಇತ್ತಲ್ಲ ಎಂದು ನೀವು ಕೇಳಬಹುದು. ರೋಗಿಗಳ ಮಾಹಿತಿ ಹೊರಗೆ ಹೋಗಬಾರದೆಂದು ಬುಧವಾರ ಅದರೊಳಗಿನದನ್ನೆಲ್ಲ ಮೂರು ಸಲ ಅಳಿಸಿ ಗುಜರಿಗೆ ಕಳಿಸಿದ್ದೂ ನಾನೇ. ಆ ಒಂದು ಕೆಲಸವನ್ನು ಮಾತ್ರ ಬಹಳ ನಿಯತ್ತಾಗಿ ಮಾಡಿದ್ದೆ. ದಾಖಲೆಗಳ ನಕಲು ತೆಗೆದಿಡುವ ಡಿಸ್ಕ್ ಇದ್ದದ್ದು ಒಂದೇ, ಅದರ ಮೇಲೆ ನಾಲ್ಕು ದಿನದಿಂದ ಪ್ರಶ್ನೆಚಿಹ್ನೆಗಳನ್ನೇ ಮತ್ತೆ ಮತ್ತೆ ಬರೆದಿಟ್ಟಿದ್ದೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಕಥೆ ಕೇಳಿದ್ದೇವೆ. ನಾನು ದಿಡ್ಡಿ ಬಾಗಿಲನ್ನೂ ಕಿತ್ತು ಕೊಟ್ಟಿದ್ದೆ.

ಆ ಕಾಲಂನಲ್ಲಿ ಇದ್ದದ್ದು ಏನು ಅನ್ನುವುದು ಆಗ ನೆನಪಾಯಿತು. ಔಷಧಿ ಒಗ್ಗದಿರುವುದನ್ನು ನಮೂದಿಸಲು ಬೇರೊಂದು ಕಾಲಂ ಇದೆ. ಅಲ್ಲಿ ಪಟ್ಟಿಯಲ್ಲಿರುವ ಇಂಗ್ಲಿಷ್ ಹೆಸರನ್ನಷ್ಟೇ ಆರಿಸಬಹುದು. ಪಟ್ಟಿಗೆ ಸೇರದ ಸಂಗತಿಗಳನ್ನು ದೊಡ್ಡ ಸಿಸ್ಟರ್ ಟಿಪ್ಪಣಿಯಲ್ಲಿ ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದರು. ಇವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಇವರಿಗೆ ಎಡಗೈ ನರ ಸಿಗುವುದಿಲ್ಲ, ಚುಚ್ಚಿ ಹಿಂಸೆ ಕೊಡಬೇಡಿ. ಇವರು ಊಟ ಮಾಡಿ ಬಂದು ಉಪವಾಸ ಅನ್ನುತ್ತಾರೆ, ನಂಬಬೇಡಿ. ಮೂವತ್ತು ವರ್ಷ ಇಲ್ಲಿದ್ದ ಅರಿವಳಿಕೆ ಡಾಕ್ಟರು ಆ ಕಾಲಂ ಓದದೆ ಸಿರಿಂಜು ಮುಟ್ಟುತ್ತಿರಲಿಲ್ಲ. ಅವರು ಹೋದ ವರ್ಷ ನಿವೃತ್ತರಾಗಿ ಮಗಳಿದ್ದ ದೇಶಕ್ಕೆ ಹೋದರು. ಈಗಿನ ಅರಿವಳಿಕೆ ಡಾಕ್ಟರಮ್ಮ ಓದುವುದು ಪಟ್ಟಿಯ ಕಾಲಂ ಮಾತ್ರ, ಮತ್ತು ಹನ್ನೊಂದು ಗಂಟೆಯ ರೋಗಿಯ ಪಟ್ಟಿಯ ಕಾಲಂ ಖಾಲಿ ಇತ್ತು. ಖಾಲಿ ಎಂದರೆ ಏನೂ ತೊಂದರೆ ಇಲ್ಲ ಎಂದು ಅರ್ಥ.

ಮೆಟ್ಟಿಲು ಹತ್ತಿ ವಾರ್ಡಿಗೆ ಓಡಿದೆ. ರೋಗಿ ಒಬ್ಬ ಟೈಲರ್, ಐವತ್ತರ ಆಸುಪಾಸು, ಪಿತ್ತಕೋಶದ ಕಲ್ಲಿನಿಂದ ಮುಖ ಹಳದಿಯಾಗಿತ್ತು. ಹೊಟ್ಟೆ ಹಿಡಿದುಕೊಂಡಿದ್ದರೂ ನನ್ನ ತೋಳನ್ನೇ ನೋಡುತ್ತಾ, ಈ ರವಿಕೆ ಹೊಲಿದವರಿಗೆ ಕಂಕುಳ ಕತ್ತರಿಸಲು ಬರುವುದಿಲ್ಲ ಎಂದ. ಒಂಬತ್ತು ವರ್ಷದ ಕೆಳಗೆ ಇಲ್ಲೇ ಹರ್ನಿಯಾ ಆಪರೇಷನ್ ಆದಾಗ ಏನಾದರೂ ತೊಂದರೆ ಆಗಿತ್ತೇ ಎಂದು ಕೇಳಿದೆ. ಮಲಗಿದೆ, ಎದ್ದೆ, ಅಷ್ಟೇ ಎಂದ. ಡಾಕ್ಟರು ಯಾರಿಗಾದರೂ ಏನಾದರೂ ಹೇಳಿದ್ದರೇ? ಹೊರಗೆ ಕೂತಿದ್ದವಳು ಅವನಮ್ಮ, ಅವಳಿಗೆ ಏನೋ ಹೇಳಿದ್ದರಂತೆ. ಅವಳು ತೀರಿಕೊಂಡು ಆರು ವರ್ಷವಾಯಿತು. ಪಕ್ಕದಲ್ಲಿದ್ದ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೆ ಕೇಳ್ತಿದ್ದೀರಿ ಎಂದಳು. ಸುಮ್ಮನೆ ಎಂದು ಹೇಳಿ ಇಳಿದುಬಂದೆ, ಆ ಸುಳ್ಳಿಗೆ ನಾಲಿಗೆ ಕಚ್ಚಿಕೊಂಡೆ.

ಆಡಳಿತ ನೋಡುವವರನ್ನು ನಾವು ‘ಆಮೇಲೆ ಸಾಹೇಬರು’ ಎನ್ನುತ್ತೇವೆ. ಚಾವಣಿ ಸೋರಿದರೂ ಆಮೇಲೆ, ಲಿಫ್ಟ್ ನಿಂತರೂ ಆಮೇಲೆ. ಅವರಿಗೆ ಎಲ್ಲವನ್ನೂ ಹೇಳಿದೆ. ಮಧ್ಯಾಹ್ನ ಹೊಸ ಯಂತ್ರವನ್ನು ನೋಡಲು ದೊಡ್ಡವರು ಬರುತ್ತಿದ್ದಾರೆ, ಅವರು ಹೋದ ಮೇಲೆ ಕೂತು ಮಾತಾಡೋಣ, ಪಟ್ಟಿಯ ಕಾಲಂ ಖಾಲಿ ಇದೆಯಲ್ಲ, ಸುಮ್ಮನೆ ಗಾಬರಿ ಎಬ್ಬಿಸಬೇಡ ಎಂದರು. ಕೋಪ ನೆತ್ತಿಗೇರಿತು. ಆದರೆ ಮಣ್ಣು ತಿಂದ ಬಾಯಿ ನನ್ನದು, ಯಾರಿಗೆಂದು ಬೈಯಲಿ?

ಎಂಟೂ ಐವತ್ತು. ಮತ್ತೆ ಯಂತ್ರದ ಮುಂದೆ ಕೂತೆ, ಕೂರಲಾಗಲಿಲ್ಲ, ನಿಂತೆ. ಹಳೆಯ ಅರಿವಳಿಕೆ ಡಾಕ್ಟರಿಗೆ ಮೂರು ಸಲ ಫೋನು ಮಾಡಿದೆ. ಅವರ ದೇಶದಲ್ಲಿ ಅದು ಮಲಗುವ ಹೊತ್ತು, ಫೋನು ಬಂದ್ ಆಗಿತ್ತು. ಆ ನಾಲ್ಕರ ಮೇಲೇ ಕಣ್ಣು ನೆಟ್ಟಿತು. ಅಂಕಿಗೆ ಒಂದೇ ಬೈಟ್ ಸಾಕಾದ್ದರಿಂದ ಅದೊಂದು ಬದುಕಿಕೊಂಡಿತ್ತು. ನಾಲ್ಕು ಏನು? ಅದರ ಮುಂದೆ ನಾಲ್ಕು ಪ್ರಶ್ನೆಚಿಹ್ನೆ. ಗಂಟೆ ಎಂದು ಬರೆದರೂ ನಾಲ್ಕೇ ಆಗುತ್ತದೆ, ವರ್ಷ ಎಂದರೂ ನಾಲ್ಕೇ, ಬಾರಿ ಎಂದರೂ ನಾಲ್ಕೇ. ನಾಲ್ಕು ವರ್ಷದಿಂದ ನೋವಿತ್ತು ಎಂದಿದ್ದರೆ ಬದುಕಿದೆವು. ನಾಲ್ಕು ಬಾರಿ ಎದೆ ನಿಂತಿತ್ತು ಎಂದಿದ್ದರೆ? ಕಾಗದದ ಮೇಲೆ ಬರೆದು ಹೊಡೆದುಹಾಕಿ ಬರೆದು ಹೊಡೆದುಹಾಕಿ, ಕೊನೆಗೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಸಾಕು ಎಂದು ಸ್ಕೂಟರ್ ಕೀಲಿ ತೆಗೆದುಕೊಂಡೆ. ಹೋಗಬೇಕಾದ ಜಾಗ ನನಗೆ ಮೊದಲಿನಿಂದಲೂ ಗೊತ್ತಿತ್ತು. ಹೋಗಲು ಮುಖ ಇರಲಿಲ್ಲ.

ದೊಡ್ಡ ಸಿಸ್ಟರ್ ಎಂದೆನಲ್ಲ, ಅವಳು ನನ್ನ ಸ್ವಂತ ಅಕ್ಕ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ಸಾಕಿದವಳು, ಈ ಕೆಲಸ ಕೊಡಿಸಿದವಳು. ಎರಡು ತಿಂಗಳ ಹಿಂದೆ ನಿವೃತ್ತಳಾದಳು. ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ ನಾನು ಅವಳು ಟೈಪ್ ಮಾಡುವುದನ್ನು ಆಡಿ ತೋರಿಸಿದೆ: ಎರಡೇ ಬೆರಳು, ಮೂಗು ಕೀಲಿಮಣೆಗೆ ತಾಗುವ ಹಾಗೆ, ಒಂದೊಂದಕ್ಷರಕ್ಕೂ ಎಲ್ಲಿದೆಯಪ್ಪಾ ನೀನು ಎನ್ನುವ ಹಾಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಕ್ಕನೂ ನಕ್ಕಳು. ಆಮೇಲೆ ನನ್ನ ಫೋನು ಎತ್ತಲಿಲ್ಲ. ತಪ್ಪಾಯಿತು ಎನ್ನಲು ನಾನೂ ಹೋಗಲಿಲ್ಲ. ನಮ್ಮ ವಂಶದ ಜಂಬ ಇಬ್ಬರಿಗೂ ಸಮಪಾಲು ಬಂದಿದೆ.

ಅಕ್ಕನ ಮನೆ ಮೂರನೇ ಮಹಡಿ. ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆಯಿತು. ಅಕ್ಕ ಒಂದು ಕಣ್ಣಲ್ಲಿ ನನ್ನನ್ನು ನೋಡಿದಳು, ಏನು ಕಂಡಿತೋ, ಸರಪಳಿ ತೆಗೆದಳು. ಕೂರು ಎನ್ನಲಿಲ್ಲ. ನಾನು ನಿಂತೇ ಒದರಿದೆ, ಟೀ ಲೋಟದಿಂದ ಹಿಡಿದು ನಾಲ್ಕರವರೆಗೆ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. ಮುಗಿದ ಮೇಲೆ ಕೇಳಿದಳು.

"ನನ್ನ ಪುಸ್ತಕಗಳೆಲ್ಲ ಏನಾಯ್ತು, ನೆನಪಿದೆಯೇನೇ?"

ನೆನಪಿತ್ತು. ನರ್ಸಾದ ದಿನದಿಂದ ಅವಳು ಟಿಪ್ಪಣಿಗಳನ್ನು ಉದ್ದನೆಯ ನೋಟ್ ಪುಸ್ತಕಗಳಲ್ಲಿ ಬರೆಯುತ್ತಿದ್ದಳು. ಐದು ವರ್ಷದ ಹಿಂದೆ ನಾನೇ ಬೆನ್ನು ಬಿದ್ದು, ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಯಂತ್ರಕ್ಕೆ ಮರೆವು ಬರುವುದಿಲ್ಲ ಎಂದು ಭಾಷಣ ಮಾಡಿ, ಎಲ್ಲವನ್ನೂ ಟೈಪ್ ಮಾಡಿಸಿದೆ. ಡ್ಯೂಟಿ ಮುಗಿದ ಮೇಲೆ ದಿನಾ ಒಂದು ಗಂಟೆಯಂತೆ ಒಂದು ವರ್ಷ ಕೂತಳು. ಮುಗಿದ ದಿನ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ಹಾಕಿದೆವು. ಹೊತ್ತು ಕೆಳಗಿಳಿಸಿದ್ದೂ ನಾನೇ.

ತಪ್ಪಾಯ್ತು ಅಕ್ಕ ಎಂದೆ. ಯಾವ ತಪ್ಪಿಗೆ ಎಂದು ಅವಳು ಕೇಳಲಿಲ್ಲ, ಕೇಳಿದ್ದರೆ ಪಟ್ಟಿ ದೊಡ್ಡದಿತ್ತು. ಟೈಲರ್, ಹರ್ನಿಯಾ, ಒಂಬತ್ತು ವರ್ಷ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಹಾಗೆ ಹೇಳಿದರೆ ಗೊತ್ತಾಗುವುದಿಲ್ಲ, ಮುಖ ನೋಡಿದರೆ ನೆನಪಾಗಬಹುದು ಎಂದು ಚಪ್ಪಲಿ ಮೆಟ್ಟಿದಳು. ಸ್ಕೂಟರಿನ ಹಿಂದೆ ಕೂತವಳು ದಾರಿಯುದ್ದಕ್ಕೂ ಒಂದೇ ಮಾತಾಡಿದ್ದು, ನಿಧಾನ ಓಡಿಸು, ನಾವಿಬ್ಬರೂ ಸತ್ತರೆ ಅವನಿಗೇನು ಲಾಭ ಎಂದು. ಮೂರು ಸಿಗ್ನಲ್, ಮೂರೂ ಕೆಂಪು. ಒಂದೊಂದರಲ್ಲೂ ನಾನು ಕಾಲು ಕುಣಿಸುತ್ತಾ ಗಡಿಯಾರ ನೋಡಿದೆ.

ಹತ್ತೂ ಹದಿನೈದಕ್ಕೆ ವಾರ್ಡು ಮುಟ್ಟಿದೆವು. ಟೈಲರಿಗೆ ಆಗಲೇ ಹಸಿರು ಗೌನು ಹಾಕಿದ್ದರು. ಅಕ್ಕನನ್ನು ಕಂಡದ್ದೇ ಎದ್ದು ಕೂರಲು ಹೋದ, ದೊಡ್ಡ ಸಿಸ್ಟರ್ ನೀವಾ, ನೀವಿದ್ದರೆ ನನಗೆ ಭಯ ಇಲ್ಲ ಎಂದ. ಅಕ್ಕ ಅವನ ಮುಖ ನೋಡಿದಳು. ಕೈ ಹಿಡಿದು ನಾಡಿ ನೋಡುವ ನೆಪದಲ್ಲಿ ಇನ್ನೂ ಹತ್ತಿರದಿಂದ ನೋಡಿದಳು. ನಾನು ಅವಳ ಮುಖವನ್ನು ನೋಡುತ್ತಿದ್ದೆ. ಅವಳ ಹುಬ್ಬು ಗಂಟಾಯಿತು, ಸಡಿಲವಾಯಿತು, ಮತ್ತೆ ಗಂಟಾಯಿತು. ಅವನ ಕೈಯನ್ನು ಹಾಸಿಗೆಯ ಮೇಲಿಟ್ಟು ಹೊರಗೆ ಬಂದಳು.

"ಏನೂ ಹೊಳೀತಿಲ್ಲ ಕಣೇ," ಎಂದಳು. ಧ್ವನಿ ಸಣ್ಣದಾಗಿತ್ತು. ನನ್ನ ಅಕ್ಕನ ಧ್ವನಿ ಸಣ್ಣದಾದದ್ದನ್ನು ನಾನು ಅಮ್ಮ ಹೋದ ದಿನವೂ ಕೇಳಿರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಆಪರೇಷನ್ ಕೋಣೆಯ ಹೊರಗೆ ಅರಿವಳಿಕೆ ಡಾಕ್ಟರಮ್ಮ ಕೈ ತೊಳೆಯುತ್ತಿದ್ದಳು. ಹತ್ತಿರ ಹೋಗಿ ಹೇಳಿದೆ: ಆ ರೋಗಿಯ ಬಗ್ಗೆ ಏನೋ ಬರೆದಿತ್ತು, ನಾನು ಅಳಿಸಿಹಾಕಿದ್ದೇನೆ. ಏನು ಬರೆದಿತ್ತು ಎಂದಳು. ಗೊತ್ತಿಲ್ಲ ಎಂದೆ. ಅವಳು ನಲ್ಲಿ ನಿಲ್ಲಿಸಿದಳು. ಬರೆದವರಿಗಾದರೂ ಗೊತ್ತೇ ಎಂದು ಅಕ್ಕನ ಕಡೆ ನೋಡಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಆಮೇಲೆ ಸಾಹೇಬರೂ ಮೆಟ್ಟಿಲು ಹತ್ತಿ ಬಂದರು, ಯಾರು ಸುದ್ದಿ ಮುಟ್ಟಿಸಿದರೋ. ಡಾಕ್ಟರಮ್ಮನವರೇ, ನಾಲ್ಕು ಪ್ರಶ್ನೆಚಿಹ್ನೆ ನೋಡಿ ಆಪರೇಷನ್ ನಿಲ್ಲಿಸಿದರೆ ಊರು ನಗುತ್ತದೆ, ಊಟ ಚೆನ್ನಾಗಿರಲಿಲ್ಲ ಅಂತ ಬರೆದಿದ್ದರೂ ಬರೆದಿರಬಹುದು ಎಂದರು.

ಅಕ್ಕ ಅವರ ಕಡೆ ತಿರುಗಲೂ ಇಲ್ಲ. ಡಾಕ್ಟರಮ್ಮನ ಮುಂದೆ ತನ್ನ ಎರಡು ತೋರುಬೆರಳುಗಳನ್ನು ಎತ್ತಿ ಹಿಡಿದಳು.

"ನೋಡಮ್ಮ, ನಾನು ಟೈಪ್ ಮಾಡೋದು ಈ ಎರಡರಲ್ಲಿ. ಒಂದೊಂದು ಅಕ್ಷರ ಹುಡುಕಿ ಹುಡುಕಿ. ಈ ಆಸ್ಪತ್ರೆಯೆಲ್ಲ ಅದನ್ನ ನೋಡಿ ನಕ್ಕಿದೆ, ಬೇಕಾದ್ರೆ ನನ್ನ ತಂಗೀನೇ ಕೇಳು. ಒಂದು ಸಾಲಿಗೆ ನನಗೆ ಐದು ನಿಮಿಷ ಬೇಕು. ಊಟದ ವಿಷಯಕ್ಕೆ ಅಷ್ಟು ಕಷ್ಟ ಪಡ್ತೀನಾ? ಏನು ಬರೆದೆ ಅಂತ ಮರೆತಿದ್ದೀನಿ, ಯಾಕೆ ಬರೀತಿದ್ದೆ ಅಂತ ಮರೆತಿಲ್ಲ."

ಡಾಕ್ಟರಮ್ಮ ಒಂದು ಕ್ಷಣ ಆ ಬೆರಳುಗಳನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಇವತ್ತು ಬೇಡ ಎಂದು ಹೇಳಿ, ಟೈಲರನ ರಕ್ತ ತೆಗೆಸಿ ಅರಿವಳಿಕೆಗೆ ಸಂಬಂಧಿಸಿದ ಪರೀಕ್ಷೆಗಳಿಗೆಲ್ಲ ಕಳಿಸಿದಳು.

ಖುಷಿ ಪಡುವ ಹಾಗೇನೂ ಇರಲಿಲ್ಲ. ಟೈಲರಿಗೆ ನೋವು ಕಿತ್ತು ತಿನ್ನುತ್ತಿತ್ತು, ಹಸಿದಿದ್ದ, ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ನಾನೇ ಹೋಗಿ ನನ್ನ ತಪ್ಪು ಹೇಳಿದೆ. ಅವನು ಬೈಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿ ಬೈದಳು. ಸುಮ್ಮನೆ ಕೇಳಿದೆ ಅಂದಿರಲ್ಲ ಬೆಳಿಗ್ಗೆ, ಒಂದು ಜೀವದ ವಿಷಯ ಸುಮ್ಮನೆ ಕೇಳ್ತಾರಾ ಎಂದಳು. ಮಾಡಿದ್ದುಣ್ಣೋ ಮಹರಾಯ ಎಂದು ತಲೆ ತಗ್ಗಿಸಿ ನಿಂತೆ. ಮುಂದಿನ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಎಂಬ ಭಯ ಒಂದು ಕಡೆ, ಸಿಕ್ಕರೆ ಎಂಬ ಭಯ ಇನ್ನೊಂದು ಕಡೆ. ದಿನಕ್ಕೆ ಹತ್ತು ಸಲ ಪ್ರಯೋಗಾಲಯದ ಕಿಟಕಿಗೆ ಹೋಗಿ ಬೈಸಿಕೊಂಡು ಬರುತ್ತಿದ್ದೆ.

ಐದನೆಯ ದಿನ ಡಾಕ್ಟರಮ್ಮ ತಾನೇ ರೆಕಾರ್ಡ್ ರೂಮಿಗೆ ಇಳಿದು ಬಂದಳು. ಗಂಟಲಿಗೆ ನಳಿಕೆ ಇಳಿಸುವ ಮೊದಲು ಸ್ನಾಯು ಸಡಿಲಿಸುವ ಒಂದು ಚುಚ್ಚುಮದ್ದು ಕೊಡುತ್ತಾರಂತೆ. ಎಲ್ಲರಿಗೂ ಅದು ಹತ್ತು ನಿಮಿಷದಲ್ಲಿ ಕರಗುತ್ತದೆ. ಟೈಲರನ ರಕ್ತದಲ್ಲಿ ಅದನ್ನು ಕರಗಿಸುವ ಅಂಶ ಹುಟ್ಟಿನಿಂದಲೇ ಇಲ್ಲ. ಮದ್ದು ಇಳಿಯುವವರೆಗೆ ಅವನು ಸ್ವಂತವಾಗಿ ಉಸಿರಾಡಲಾರ, ಬೆರಳನ್ನೂ ಅಲ್ಲಾಡಿಸಲಾರ. ಅದೇ ಮದ್ದನ್ನು ಅವತ್ತು ತಟ್ಟೆಯಲ್ಲಿ ಸಿದ್ಧ ಮಾಡಿಟ್ಟಿದ್ದೆ, ಗೊತ್ತಿಲ್ಲದೆ ಕೊಟ್ಟು ಎಂದಿನಂತೆ ನಳಿಕೆ ತೆಗೆದಿದ್ದರೆ ಅವನು ಉಳಿಯುತ್ತಿರಲಿಲ್ಲ ಎಂದಳು. ಈಗ ಬೇರೆ ಮದ್ದು ಕೊಟ್ಟು ಆಪರೇಷನ್ ಮಾಡುತ್ತಾರಂತೆ. ಅವನ ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಬೇಕಂತೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಸಮಾಧಾನಕ್ಕೋ ಹೆದರಿಕೆಗೋ ನನಗೇ ಗೊತ್ತಾಗಲಿಲ್ಲ.

ಅದೇ ಸಂಜೆ, ಅಷ್ಟು ದಿನ ಫೋನಿಗೆ ಸಿಗದಿದ್ದ ಹಳೆಯ ಅರಿವಳಿಕೆ ಡಾಕ್ಟರು ತಾವೇ ಫೋನು ಮಾಡಿದರು. ನಾನು ಟೈಲರ್ ಎಂದದ್ದೇ ಅವರಿಗೆ ನೆನಪಾಯಿತು. ಅವನ ಹರ್ನಿಯಾ ಆಪರೇಷನ್ ದಿನ ಉಸಿರಾಟದ ಯಂತ್ರ ಇನ್ನೊಬ್ಬ ರೋಗಿಗೆ ಹಾಕಿತ್ತು. ನಾಲ್ಕು ಗಂಟೆ ಕೈಯಲ್ಲೇ ಗಾಳಿ ಚೀಲ ಒತ್ತಿ ಅವನನ್ನು ಉಳಿಸಿಕೊಂಡೆವು. ಒತ್ತಿದ್ದು ನಿನ್ನ ಅಕ್ಕನೇ, ಬೇರೆ ಯಾರಿಗೂ ಕೊಡಲಿಲ್ಲ, ಲಯ ತಪ್ಪುತ್ತೆ ಅಂತ ಜಗಳ ಮಾಡಿದಳು ಎಂದರು.

ಅಕ್ಕನ ಮನೆಗೆ ಹೋಗಿ ಹೇಳಿದೆ. ಸಂತೋಷ ಪಡುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ನನಗೆ ಈಗಲೂ ನೆನಪಾಗ್ತಿಲ್ಲ ಕಣೇ," ಎಂದಳು. "ಪುಸ್ತಕದಲ್ಲಿ ಬರೀತಿದ್ದಾಗ ಆಗಾಗ ತಿರುವಿ ಹಾಕ್ತಿದ್ದೆ, ತಲೇಲಿ ಉಳೀತಿತ್ತು. ಕಂಪ್ಯೂಟರಿಗೆ ಹಾಕಿದ ಮೇಲೆ, ಅಲ್ಲಿದೆಯಲ್ಲ ಅಂತ ಬಿಟ್ಟುಬಿಟ್ಟೆ. ಒಂದು ಜೀವಾನ ನಾಲ್ಕು ಗಂಟೆ ಕೈಯಲ್ಲಿ ಹಿಡಿದಿದ್ದೋಳು ನಾನು. ಅವನ ಮುಖ ನೋಡಿದ್ರೂ ಗೊತ್ತಾಗ್ಲಿಲ್ವಲ್ಲೇ."

ನಾನು ಅವಳ ಪಕ್ಕ ಕೂತೆ. ಕ್ಷಮಿಸು ಎನ್ನುವಷ್ಟು ಧೈರ್ಯ ಇರಲಿಲ್ಲ. ಸಾವಿರದ ನೂರ ನಲವತ್ತೈದು ಜನ ಇನ್ನೂ ಇದ್ದಾರೆ ಅಕ್ಕ ಎಂದಷ್ಟೇ ಹೇಳಿದೆ. ಹೆಸರು, ಫೋನ್ ನಂಬರು ಇಂಗ್ಲಿಷಿನಲ್ಲಿ ಇದ್ದದ್ದರಿಂದ ಉಳಿದಿವೆ.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ರೆಕಾರ್ಡ್ ರೂಮಿಗೆ ಬಂದಳು. ನನಗೆ ಆಮೇಲೆ ಸಾಹೇಬರು ಕೊಟ್ಟ ನೋಟಿಸು ಮೇಜಿನ ಮೇಲಿತ್ತು, ಅದನ್ನು ಅತ್ತ ಸರಿಸಿ ಹೊಸ ನೋಟ್ ಪುಸ್ತಕ ಇಟ್ಟಳು. ನಾನು ನಂಬರು ಒತ್ತಿ ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಇಟ್ಟೆ. ಮೊದಲ ನಂಬರಿನಲ್ಲಿ ಒಬ್ಬ ಹೆಂಗಸು ಎತ್ತಿಕೊಂಡಳು. ಅಕ್ಕ ತಾನು ಯಾರೆಂದು ಹೇಳಿ, ನಮ್ಮಲ್ಲಿದ್ದಾಗ ನಿಮಗೆ ಏನಾಗಿತ್ತು, ಸ್ವಲ್ಪ ಹೇಳ್ತೀರಾ ಎಂದಳು.

"ಸಿಸ್ಟರ್, ಮೂರು ದಿನ ನನ್ನ ಹತ್ತಿರಾನೇ ಕೂತಿದ್ರಲ್ಲ ನೀವು. ನಿಮಗೆ ನೆನಪಿಲ್ವಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು.

"ಇಲ್ಲಮ್ಮ," ಎಂದಳು. "ಮೊದಲಿಂದ ಹೇಳು. ಬರ್ಕೋತೀನಿ."